ಗೇಟಿನ ತನಕ ಬಂದ ತಮ್ಮ

ಹರಿಹರದಲ್ಲಿ ನಮ್ಮಕ್ಕ ಪಾಠ ಮಾಡುವ ಶಾಲೆಗೆ ಒಂದು ಕಬ್ಬಿಣದ ಗೇಟು ಇದೆ. ಅಂಥ ಭಾರೀ ಗೇಟೇನಲ್ಲ. ಅದರ ಒಂದು ಬಾಗಿಲು ತುಕ್ಕು ಹಿಡಿದು ನೆಲ ಕಚ್ಚಿಕೊಂಡಿದೆ; ಇನ್ನೊಂದನ್ನು ಎರಡನೆಯ ತರಗತಿಯ ಮಗುವೂ ಭುಜ ಕೊಟ್ಟು ತಳ್ಳಬಲ್ಲದು. ನಾನು ಅದನ್ನು ದಾಟಬೇಕಾಗಿತ್ತು. ದಾಟಲಿಲ್ಲ. ಬರುತ್ತೇನೆಂದು ಅಕ್ಕನಿಗೆ ಮಾತು ಕೊಟ್ಟು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದಾವಣಗೆರೆಯಿಂದ ಹರಿಹರದವರೆಗೆ ಹೋಗಿ, ಆ ಗೇಟಿನ ಮುಂದೆ ನಿಂತು ವಾಪಸು ಬಂದೆ. ಸುಮ್ಮನೆ ಬಂದಿದ್ದರೆ ಹೇಗೋ ಆಗುತ್ತಿತ್ತು. ಬರುವ ಮುಂಚೆ ಒಂದು ಮಗುವಿನ ಮುಖ ನೋಡಿಕೊಂಡೇ ಸುಳ್ಳು ಹೇಳಿ ಬಂದೆ.

ಇದೆಲ್ಲ ಈಗ ನೆನಪಾಗಲು ಕಾರಣ ಒಂದು ಬಾಳೆಹಣ್ಣು. ಮೊನ್ನೆ ನನ್ನ ಹೆಂಡತಿ ನಾಗವೇಣಿ ಕಪ್ಪು ಚುಕ್ಕೆ ಬಿದ್ದ ಹಣ್ಣೊಂದನ್ನು ನನ್ನ ಮುಂದಿಟ್ಟು, "ಇದನ್ನ ತಿಂದ್ ಮುಗಸ್ರಿ, ನಾಳೆ ತನಕ ಇರಂಗಿಲ್ಲ ಇದು" ಅಂದಳು. ಮನೆಯಲ್ಲಿ ಇವತ್ತೋ ನಾಳೆಯೋ ಎನ್ನುವ ಸ್ಥಿತಿಯ ಪದಾರ್ಥಗಳೆಲ್ಲ ಗಂಡನ ಹೊಟ್ಟೆಗೇ ಬರುವುದು ರೂಢಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಈ ಹಣ್ಣನ್ನು ತಿನ್ನಲಾಗಲಿಲ್ಲ. ಅದರ ಮೇಲಿನ ಒಂದೊಂದು ಚುಕ್ಕೆಯೂ ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು.

"ಯಾಕ, ಹಣ್ಣು ಏನಾದ್ರೂ ಅಂತೇನು ನಿಮಗೆ?" ಎಂದು ಕೇಳಿದಳು ನಾಗವೇಣಿ.

ಅಂದಿತು. ಏನಂದಿತು ಎಂಬುದನ್ನೇ ನಿಮಗೆ ಹೇಳಲು ಕೂತಿದ್ದೇನೆ.

ನಾನು ಕೊಟ್ರೇಶಿ. ದಾವಣಗೆರೆಯ ಆವರಗೆರೆಯಲ್ಲಿ ನನ್ನದೊಂದು ಶಾಮಿಯಾನ ಅಂಗಡಿ ಇದೆ. ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ, ಎಲ್ಲ ಬಾಡಿಗೆಗೆ ಕೊಡುತ್ತೇವೆ. ಅಪ್ಪನ ಕಾಲದಿಂದ ಬಂದ ಕಸುಬು. ಊರಿನ ಎಲ್ಲರ ಮನೆಗೂ ಹೋಗಿ, ಯಾರ ಮನೆಯ ಒಳಕ್ಕೂ ಹೋಗದವನು ಶಾಮಿಯಾನದವನೊಬ್ಬನೇ. ಮದುವೆಯೋ, ನಾಮಕರಣವೋ, ಸಾವೋ, ನಾವು ಅಂಗಳದಲ್ಲಿ ಕಂಬ ನಿಲ್ಲಿಸಿ ಹಗ್ಗ ಬಿಗಿದು ಹೊರಗಿನಿಂದ ಹೊರಗೇ ಬರುತ್ತೇವೆ. ಅದು ಬೀಳುವ ತನಕ ಶಾಮಿಯಾನವೊಂದು ಅಲ್ಲಿದೆ ಎಂದು ಯಾರೂ ತಲೆ ಎತ್ತಿ ನೋಡುವುದಿಲ್ಲ. ಬಿದ್ದ ಮೇಲೆ ಮಾತ್ರ ಎಲ್ಲರೂ ನಮ್ಮ ಹೆಸರು ಹಿಡಿದು ಕರೆಯುತ್ತಾರೆ.

ಈ ಹೊರಗಿನಿಂದ ಹೊರಗೇ ಹೋಗುವ ಕಸುಬು ನನಗೆ ಒಗ್ಗಿದ್ದಕ್ಕೆ ಇನ್ನೊಂದು ಕಾರಣವಿದೆ. ನಾನು ಓದಿದ್ದು ಐದನೆಯ ಕ್ಲಾಸಿನ ಅರ್ಧ. ಆ ಅರ್ಧ ವರ್ಷದ ಕೊನೆಯ ದಿನ ಮೇಷ್ಟ್ರು ನನ್ನನ್ನು ಎಬ್ಬಿಸಿ ಪಾಠ ಓದು ಅಂದರು. ನನ್ನ ನಾಲಿಗೆ ಬಾಯೊಳಗೆ ಎಲ್ಲಿ ಹೋಗಿ ಅಡಗಿತೋ, ಸಿಗಲಿಲ್ಲ. ಬಾಗಿಲ ಹೊರಗೆ ನಿಲ್ಲು ಅಂದರು, ನಿಂತೆ. ಆಮೇಲೆ ಅವರಿಗೆ ಮರೆತು ಹೋಯಿತು. ಪಾಪ, ಅವರಿಗೂ ಮನೆ, ಮಠ ಎಲ್ಲ ಇದ್ದವು. ಗಂಟೆ ಹೊಡೆಯಿತು, ಎಲ್ಲರೂ ಹೋದರು, ನಾನೂ ಹೋದೆ. ಮರುದಿನ ಒಳಗೆ ಬಾ ಅಂತ ಯಾರಾದರೂ ಕರೆಯಬಹುದೆಂದು ಮನೆಯಲ್ಲೇ ಕಾದೆ. ಯಾರೂ ಕರೆಯಲಿಲ್ಲ. ಅಪ್ಪ ಮಾತ್ರ "ಈ ಕಂಬ ಹಿಡಿ" ಅಂತ ಕರೆದ. ಅವತ್ತು ಹಿಡಿದ ಕಂಬ ಇನ್ನೂ ಬಿಟ್ಟಿಲ್ಲ. ಶಾಲೆಗಳ ವಾರ್ಷಿಕೋತ್ಸವಕ್ಕೆ ಬೇಕಾದಷ್ಟು ಸಲ ಶಾಮಿಯಾನ ಹಾಕಿದ್ದೇನೆ. ಆದರೆ ಹೆಡ್‌ಮಾಸ್ಟರು "ಒಳಗ ಬರ್ರಿ, ಚಾ ಕುಡೀರಿ" ಅಂದರೆ ನನಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತದೆ. ಚಹಾವನ್ನು ಹೊರಗೇ ತರಿಸಿಕೊಂಡು ಕಂಬಕ್ಕೆ ಒರಗಿ ಕುಡಿಯುತ್ತೇನೆ.

ನಮ್ಮ ಗಿರಿಜಕ್ಕ ಇದಕ್ಕೆ ತದ್ವಿರುದ್ಧ. ಅವಳು ಶಾಲೆಯೊಳಗೆ ಹೋದವಳು ಹೊರಗೆ ಬರಲೇ ಇಲ್ಲ. ಕಲಿತು ಮುಗಿಸಿ, ಕಲಿಸಲು ಕೂತಳು. ಈಗ ಹರಿಹರದ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಎರಡನೆಯ ತರಗತಿಯ ಟೀಚರು. ಮನೆ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಭಾನುವಾರ ನಮ್ಮ ಮನೆಗೆ ರೊಟ್ಟಿ ಊಟಕ್ಕೆ ಬರುತ್ತಾಳೆ. ಊಟದ ಜೊತೆಗೆ ವಾರವಿಡೀ ಕ್ಲಾಸಿನಲ್ಲಿ ನಡೆದದ್ದೆಲ್ಲ ಬರುತ್ತದೆ. ನಮ್ಮ ಮನೆಯಲ್ಲಿ ಭಾನುವಾರ ಟಿ.ವಿ. ಹಾಕುವುದಿಲ್ಲ, ಅಕ್ಕನನ್ನು ಹಾಕುತ್ತೇವೆ.

ಒಂದು ಸಲ ಅವಳು ಕಳೆಯುವ ಲೆಕ್ಕ ಹೇಳಿಕೊಡುತ್ತಿದ್ದಳಂತೆ. "ಒಂದು ಮನ್ಯಾಗೆ ಐದು ಕೋಳಿ ಇದ್ವು. ಎರಡು ಓಡಿ ಹೋದ್ವು. ಎಷ್ಟು ಉಳಿದ್ವು?"

ಒಬ್ಬ ಕೈ ಎತ್ತಿದನಂತೆ. "ಯಾವ ಕಡಿಗೆ ಓಡಿ ಹೋದ್ವು ರಿ ಮಿಸ್?"

"ಎಲ್ಲಿಗಾರ ಹೋಗ್ಲಿ. ಉಳಿದಿದ್ದೆಷ್ಟು?"

"ಹುಡುಕಾಕೆ ಯಾರೂ ಹೋಗ್ಲಿಲ್ಲೇನ್ರಿ?" ಎಂದು ಇನ್ನೊಬ್ಬಳು ಕೇಳಿದಳಂತೆ. ಅಲ್ಲಿಂದ ಇಡೀ ತರಗತಿ ಕೋಳಿ ಹುಡುಕಲು ಹೊರಟಿತು. ಹೊಳೆಯ ಕಡೆ ಹೋಗಿರಬೇಕು ಅಂತ ಕೆಲವರು, ನಾಯಿ ಹಿಡಿದಿರಬೇಕು ಅಂತ ಕೆಲವರು. ಒಬ್ಬ ಹುಡುಗ ಮಾತ್ರ ಬಿಕ್ಕಿ ಬಿಕ್ಕಿ ಅತ್ತ. ಅವನ ಮನೆಯ ಕೋಳಿ ಹಿಂದಿನ ದಿನವೇ ಕಾಣೆಯಾಗಿತ್ತು. ಉಳಿದ ಮೂರು ಕೋಳಿಗಳ ಬಗ್ಗೆ ಕೊನೆಯ ತನಕ ಯಾರೂ ಚಿಂತೆ ಮಾಡಲಿಲ್ಲ.

ಬೆಳಿಗ್ಗೆ ಶಾಲೆಯಲ್ಲಿ ಹಾಲು ಕೊಡುತ್ತಾರೆ. ಕುಡಿದ ಮೇಲೆ ಎಲ್ಲರಿಗೂ ಬಿಳಿ ಮೀಸೆ ಬರುತ್ತದಂತೆ. "ಸಣ್ಣ ಸಣ್ಣ ಮುದುಕರಿಗೆ ಪಾಠ ಮಾಡಿದಂಗೆ ಆಗ್ತೈತೆ" ಅನ್ನುತ್ತಾಳೆ ಅಕ್ಕ. ಒಬ್ಬಳು ಬಿದ್ದ ಹಲ್ಲನ್ನು ತಂದು, ಚಾರ್ಟಿಗೆ ಹಚ್ಚುವ ಅಂಟಿನಿಂದ ವಾಪಸು ಕೂಡಿಸಿ ಕೊಡಿ, ಅಮ್ಮ ಬೈತಾಳೆ ಅಂದಳಂತೆ. ಒಬ್ಬ ಹಾಜರಿ ಕರೆದಾಗ, "ಬಂದೀನ್ರಿ ಮಿಸ್, ಆದ್ರೆ ಇವತ್ತು ಲಗೂ ಹೋಗ್ತೀನಿ" ಅನ್ನುತ್ತಾನಂತೆ, ದೊಡ್ಡ ಆಫೀಸರನ ಹಾಗೆ.

ಇವೆಲ್ಲ ಅಲ್ಲಿಂದ ನಮ್ಮ ಮನೆಗೆ ಬರುತ್ತಿದ್ದ ಸರಕು. ನಮ್ಮ ಮನೆಯಿಂದಲೂ ಅಲ್ಲಿಗೆ ಸರಕು ಹೋಗುತ್ತಿದೆ ಎಂಬುದು ನನಗೆ ಬಹಳ ದಿನ ಗೊತ್ತೇ ಇರಲಿಲ್ಲ. ಹೋಗುತ್ತಿದ್ದ ಸರಕು ನಾನೇ.

ಕೋಳಿಯ ಲೆಕ್ಕ ಕೆಟ್ಟ ಮೇಲೆ ಅಕ್ಕ ಕೋಳಿಗಳನ್ನು ಬಿಟ್ಟು ತಮ್ಮನನ್ನು ಹಿಡಿದಳು. ನನ್ನ ತಮ್ಮನ ಹತ್ತಿರ ಆರು ಉಂಡಿ ಇದ್ದವು, ನಾಲ್ಕು ತಿಂದ, ಎಷ್ಟು ಉಳಿದವು? ನನ್ನ ತಮ್ಮ ಗೋಡೆ ಹಾರಿ ಬಿದ್ದ, ಯಾವ ಕಾಲಿಗೆ ಪೆಟ್ಟಾಯಿತು, ಎಡಗಾಲೋ ಬಲಗಾಲೋ? ಹೀಗೆ ಗಣಿತ, ಪರಿಸರ, ಕನ್ನಡ ಎಲ್ಲದರಲ್ಲೂ ನಾನು ಬೀಳುತ್ತ ಏಳುತ್ತ ಓಡಾಡತೊಡಗಿದೆ. ಬದುಕಿನಲ್ಲಿ ಎರಡನೆಯ ಕ್ಲಾಸನ್ನು ನಾನು ಇಷ್ಟು ಚೆನ್ನಾಗಿ ಓದಿರಲೇ ಇಲ್ಲ.

ಎಲ್ಲಕ್ಕಿಂತ ಜನಪ್ರಿಯವಾದದ್ದು ಕೊಪ್ಪರಿಗೆಯ ಕಥೆ. ಅದೂ ನಿಜವೇ. ಏಳು ವರ್ಷದವನಿದ್ದಾಗ ನಾನು ಶಾಲೆ ತಪ್ಪಿಸಲು ಒಂದು ಉಪಾಯ ಕಂಡುಹಿಡಿದಿದ್ದೆ. ಅಂಗಡಿಯಲ್ಲಿ ಮದುವೆ ಅಡುಗೆಯ ದೊಡ್ಡ ಕೊಪ್ಪರಿಗೆಗಳಿದ್ದವು. ಒಂದು ದಿನ ಅದರೊಳಗೆ ಇಳಿದು, ಮೇಲೆ ಮುಚ್ಚಳ ಎಳೆದುಕೊಂಡು ಕೂತೆ. ಒಳಗೆ ತಣ್ಣಗಿತ್ತು. ನಿದ್ದೆ ಬಂತು. ಅವತ್ತು ಆನಗೋಡಿನಲ್ಲಿ ಮದುವೆ. ಕೊಪ್ಪರಿಗೆ ಯಾಕಿಷ್ಟು ಭಾರ ಎಂದು ಬೈಯುತ್ತಲೇ ಆಳುಗಳು ಅದನ್ನು ಚಕ್ಕಡಿಗೆ ಏರಿಸಿದರು. ಆನಗೋಡಿನ ಅಡುಗೆಯವರು ಮುಚ್ಚಳ ತೆಗೆದರೆ ಒಳಗೆ ನಾನು, ಕಣ್ಣುಜ್ಜಿಕೊಳ್ಳುತ್ತ.

"ಯಜಮಾನ್ರೇ, ಪಾತ್ರಿ ಖಾಲಿ ಇಲ್ರೀ!" ಎಂದು ಅಡುಗೆಯವನು ಕೂಗಿದನಂತೆ.

ಅಪ್ಪ ಬಂದು ಇಣುಕಿ ನೋಡಿ, "ತೊಳ್ದು ಕೊಡ್ತೀನಿ ತಡೀರಿ" ಅಂದನಂತೆ. ಪಾತ್ರೆಯನ್ನೋ ನನ್ನನ್ನೋ ಗೊತ್ತಿಲ್ಲ. ಎರಡಕ್ಕೂ ಅವತ್ತು ಚೆನ್ನಾಗಿ ಬಿತ್ತು. ಆದರೆ ಆಮೇಲೆ ಹೊಟ್ಟೆ ತುಂಬ ಬೂಂದಿಯೂ ಸಿಕ್ಕಿತು.

ಈ ಕಥೆ ಕೇಳಿದ ಮಕ್ಕಳು ತಮ್ಮನ ಬಗ್ಗೆ ವಿಚಾರಣೆ ಶುರು ಮಾಡಿದರು. ನಮ್ಮಕ್ಕ ಸತ್ಯವಂತೆ. ಮಕ್ಕಳಿಗೆ ಒಂದೂ ಸುಳ್ಳು ಹೇಳಬಾರದು ಎನ್ನುವ ವ್ರತ ಅವಳದು.

"ತಮ್ಮ ಕತ್ತಲಿಗೆ ಹೆದರ್ತಾನೇನ್ರಿ?" "ಹೆದರ್ತಾನೆ." ನಿಜ, ನಾಗವೇಣಿ ಸಾಕ್ಷಿ.

"ಊಟಕ್ಕೆ ಹಟ ಮಾಡ್ತಾನೇನ್ರಿ?" "ಹೀರೇಕಾಯಿ ಪಲ್ಯ ಮಾಡಿದ್ರೆ ಮಾಡ್ತಾನೆ." ಅದೂ ನಿಜ.

ಒಂದು ದಿನ ಮಧ್ಯಾಹ್ನ ಫೋನ್ ಮಾಡಿ, "ಲೇ ಕೊಟ್ರ, ನಿನ್ನವು ಎಷ್ಟು ಹಲ್ಲು ಬಿದ್ದಾವೆ?" ಎಂದು ಕೇಳಿದಳು.

"ಎರಡು ದವಡಿ ಹಲ್ಲು. ಯಾಕಕ್ಕ?"

"ಏನಿಲ್ಲ, ಮಕ್ಕಳು ಕೇಳಾಕತ್ತಾರೆ." ಫೋನ್ ಇಟ್ಟಳು. ಹೋಗಿ "ಎರಡು ಬಿದ್ದಾವಂತೆ" ಎಂದು ಹೇಳಿದಳು. ತರಗತಿಯಲ್ಲಿ ಬಹಳ ಜನರಿಗೂ ಎರಡೇ ಬಿದ್ದಿದ್ದವು.

ಹೀಗೆ ಒಂದೊಂದೇ ಸತ್ಯ ಸೇರಿ, ನಮ್ಮಕ್ಕನಿಗೂ ತಿಳಿಯದ ಹಾಗೆ, ಮಕ್ಕಳ ತಲೆಯಲ್ಲಿ ಏಳು ವರ್ಷದ ಒಬ್ಬ ಹುಡುಗ ತಯಾರಾದ. ಹಲ್ಲು ಬಿದ್ದ, ಕತ್ತಲಿಗೆ ಹೆದರುವ, ಶಾಲೆಗೆ ಬರಲೊಲ್ಲದೆ ಪಾತ್ರೆಯಲ್ಲಿ ಅಡಗುವ ಹುಡುಗ. ಅವನ ಹೆಸರೇ ತಮ್ಮ. ಅವನಿಗಾಗಿ ಚಾಪೆಯ ಮೇಲೆ ಜಾಗ ಬಿಡತೊಡಗಿದರು. ಯಾರಾದರೂ ಅಲ್ಲಿ ಕೂತರೆ, "ಅದು ತಮ್ಮಂದು, ಏಳಲೇ" ಎಂದು ಎಬ್ಬಿಸುತ್ತಿದ್ದರಂತೆ.

ಅಕ್ಕ ಇದನ್ನು ಹೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ, "ನೀನು ಒಂದು ದಿನ ಬಾರೋ" ಅಂದಳು. "ದೊಡ್ಡೋರೆಲ್ಲ ಒಂದ್ ಕಾಲಕ್ಕೆ ಸಣ್ಣೋರಿದ್ರು ಅಂದ್ರೆ ಅವ್ರು ನಂಬಂಗಿಲ್ಲ. ನಾನು ಹುಟ್ಟಿದಾಗ್ಲೇ ಸೀರೆ ಉಟ್ಟಿದ್ದೆ ಅಂತ ತಿಳ್ಕಂಡಾರೆ. ನಿನ್ನ ನೋಡಿದ್ರೆ ಒಂದು ದೊಡ್ಡ ಪಾಠ ಮುಗೀತೈತೆ."

ರೊಟ್ಟಿ ಬಿಸಿಯಿತ್ತು, ಎಣ್ಣೆಗಾಯಿ ರುಚಿಯಾಗಿತ್ತು. ಅಂಥ ಹೊತ್ತಿನಲ್ಲಿ ಮನುಷ್ಯ ಯಾವುದಕ್ಕಾದರೂ ಹ್ಞೂಂ ಅನ್ನುತ್ತಾನೆ. "ಬರ್ತೀನಿ" ಅಂದೆ. ಅಕ್ಕ ದಿನ ಗೊತ್ತು ಮಾಡಿದಳು. ಮಕ್ಕಳ ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಬಾ ಅಂದಳು.

ಆ ದಿನ ಹರಿಹರದ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ತನಕ ನಾನು ಗಂಡಸಾಗಿಯೇ ಇದ್ದೆ. ಶಾಲೆಯ ಬೀದಿಗೆ ತಿರುಗಿದಾಗ ಯಾವುದೋ ಕ್ಲಾಸಿನ ಮಕ್ಕಳು ಒಟ್ಟಾಗಿ ಮಗ್ಗಿ ಹೇಳುವುದು ಕೇಳಿತು. ಎರಡೊಂದ್ಲ ಎರಡು, ಎರಡೆರಡ್ಲ ನಾಲ್ಕು. ಅಷ್ಟೇ. ನನ್ನ ಹೊಟ್ಟೆಯೊಳಗೆ ಐದನೆಯ ಕ್ಲಾಸಿನ ಹುಡುಗ ಎದ್ದು ಕೂತ. ಈ ಹೊಟ್ಟೆ, ಈ ಮೀಸೆ, ಮಳೆಗಾಳಿಯಲ್ಲಿ ಶಾಮಿಯಾನ ಹಿಡಿದು ನಿಂತ ಈ ಕೈಗಳು, ಯಾವುದೂ ನನ್ನ ನೆರವಿಗೆ ಬರಲಿಲ್ಲ. ಒಳಗೆ ಹೋದರೆ ಯಾರಾದರೂ ಓದು ಅಂದರೆ?

ಗೇಟಿನ ಹತ್ತಿರ ಒಬ್ಬ ಹುಡುಗಿ ನಿಂತಿದ್ದಳು. ಎರಡು ಬಿಗಿ ಜಡೆ, ಕೆಂಪು ರಿಬ್ಬನ್. ಒಂದು ಕೈಯಲ್ಲಿ ಗೇಟಿನ ಸರಳು, ಇನ್ನೊಂದು ಕೈಯಲ್ಲಿ ಬಾಳೆಹಣ್ಣು. ಮೇಲಿಂದ ಕೆಳಕ್ಕೆ ನನ್ನನ್ನು ನೋಡಿದಳು.

"ಯಾರ್ ಬೇಕಾಗಿತ್ರಿ?"

ಬಾಯಿ ತೆರೆದೆ. ನಾಲಿಗೆ ಮತ್ತೆ ತನ್ನ ಹಳೆಯ ಜಾಗಕ್ಕೆ ಹೋಗಿ ಅಡಗಿತು. ಹುಡುಕಿ ಎಳೆದು ತಂದಾಗ ಅದು ಹೇಳಿದ್ದು, "ಶಾಮಿಯಾನದೋನು. ಜಾಗ ನೋಡಾಕ ಬಂದಿದ್ದೆ."

"ಯಾಕ್ರಿ, ಸಾಲ್ಯಾಗೆ ಮದ್ವಿ ಐತೇನ್ರಿ?"

"ಇಲ್ಲ. ಮುಂದೆ ಯಾವಾಗ್ಲಾದ್ರೂ ಇದ್ರೆ ಅಂತ."

ಅವಳಿಗೆ ನನ್ನ ವ್ಯವಹಾರದಲ್ಲಿ ಆಸಕ್ತಿಯಿರಲಿಲ್ಲ. "ಬರೋ ದಾರ್ಯಾಗೆ ಒಬ್ಬ ಹುಡುಗನ್ನ ನೋಡಿದ್ರೇನ್ರಿ?" ಎಂದಳು. ಬಾಳೆಹಣ್ಣಿನ ಕೈಯನ್ನು ತನ್ನ ಹಣೆಯ ಮಟ್ಟಕ್ಕೆ ಎತ್ತಿ ತೋರಿಸಿದಳು. "ಇಷ್ಟುದ್ದ ಇರ್ತಾನೆ. ನಮ್ ಮಿಸ್ ತಮ್ಮ."

"ಇಲ್ಲವ್ವ. ನೋಡ್ಲಿಲ್ಲ."

"ಸಿಕ್ರೆ ಲಗೂ ಬಾ ಅನ್ರಿ. ಹೆದರ್ಬ್ಯಾಡ ಅನ್ರಿ. ನಮ್ ಮಿಸ್ ಹೊಡಿಯಂಗಿಲ್ಲ."

"ಹ್ಞೂಂ, ಹೇಳ್ತೀನಿ" ಎಂದು ತಿರುಗಿ ನಡೆದೆ. ನಡೆದೆ ಅನ್ನುವುದು ನನ್ನ ಮರ್ಯಾದೆಗಾಗಿ ಬರೆಯುತ್ತಿದ್ದೇನೆ. ಬಸ್ ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮಿರ್ಚಿ ತಗೊಂಡು ಕೂತೆ. ಮಿರ್ಚಿ ಎಷ್ಟು ಖಾರವಿತ್ತೆಂದರೆ, ಕಣ್ಣಲ್ಲಿ ನೀರು ಬಂದದ್ದಕ್ಕೆ ಬೇರೆ ಕಾರಣ ಹುಡುಕುವ ಅಗತ್ಯ ಬೀಳಲಿಲ್ಲ.

ಅಕ್ಕನ ಫೋನ್ ಬಂತು. "ಎಲ್ಲಿದೀಯೋ? ಮಕ್ಕಳು ಕಾಯಾಕತ್ತಾರೆ."

ಶಾಮಿಯಾನದವನ ಬಾಯಲ್ಲಿ ಸದಾ ಸಿದ್ಧವಿರುವ ನೆಪ ಒಂದೇ. "ಅಕ್ಕ, ಅರ್ಜೆಂಟ್ ಬಂತು. ಒಂದು ಸಾವಾಗೈತೆ. ಆನಗೋಡಿಗೆ ಹೊಂಟೀನಿ."

"ಅಯ್ಯೋ, ಯಾರೋ?"

"ಒಬ್ಬ ಅಜ್ಜ."

ಹೀಗೆ ಹುಟ್ಟದೇ ಇದ್ದ ಅಜ್ಜನೊಬ್ಬನನ್ನು ನಾನು ಸಾಯಿಸಿದೆ. ಸಾಯಿಸುವುದು ಸುಲಭ, ಆಮೇಲೆ ಅವನನ್ನು ಸಾಕುವುದು ಕಷ್ಟ. ಭಾನುವಾರ ಅಕ್ಕ ಬಂದು, ಯಾವ ಅಜ್ಜ, ಯಾರ ಪೈಕಿ, ಏನಾಗಿತ್ತು ಎಂದು ಕೇಳಿದಳು. ವಯಸ್ಸಾಗಿತ್ತು ಅಂದೆ. ಮಕ್ಕಳೆಷ್ಟು ಎಂದಳು. ಬಹಳ ಅಂದೆ. "ಪಾಪ, ತುಂಬಿದ ಮನೆ" ಎಂದು ನಾಗವೇಣಿ ನಿಟ್ಟುಸಿರು ಬಿಟ್ಟಳು. ನನಗೂ ಆ ಅಜ್ಜನ ಬಗ್ಗೆ ಸ್ವಲ್ಪ ದುಃಖವಾಗತೊಡಗಿತ್ತು.

ಆ ಗೇಟಿನ ಹುಡುಗಿಯ ಹೆಸರು ಸಿಂಚನ ಎಂದು ತಿಳಿದದ್ದು ಆ ಭಾನುವಾರ. ವರ್ಷದ ಮೊದಲಿಗೆ ಅವಳು ಶಾಲೆಯಲ್ಲಿ ಕೂರುತ್ತಲೇ ಇರಲಿಲ್ಲವಂತೆ. ಅವಳಮ್ಮ ಬಿಟ್ಟು ಹೋದರೆ, ಅಮ್ಮನಿಗಿಂತ ಮುಂಚೆ ಇವಳು ಮನೆಯಲ್ಲಿರುತ್ತಿದ್ದಳಂತೆ. ಕೊಪ್ಪರಿಗೆಯ ಕಥೆ ಕೇಳಿದ ಮೇಲೆ ಓಡುವುದನ್ನು ನಿಲ್ಲಿಸಿದಳು. ತಾನಿಲ್ಲದ ದಿನವೇ ತಮ್ಮ ಬಂದುಬಿಟ್ಟರೆ ಎನ್ನುವ ಚಿಂತೆ. ಶಾಲೆಯಲ್ಲಿ ಊಟದ ನಂತರ ಮೊಟ್ಟೆ ಕೊಡುತ್ತಾರೆ, ಬೇಡ ಅನ್ನುವವರಿಗೆ ಬಾಳೆಹಣ್ಣು. ಸಿಂಚನಳಿಗೆ ಮೊಟ್ಟೆ ಅಂದರೆ ಪ್ರಾಣ. ಮಿಸ್ಸಿನ ತಮ್ಮ ಮೊಟ್ಟೆ ತಿನ್ನುವುದಿಲ್ಲ ಎಂದು ಕೇಳಿದ್ದ ಅವಳು, ಅವತ್ತು ತನ್ನ ಮೊಟ್ಟೆ ಬಿಟ್ಟು ಹಣ್ಣು ತಗೊಂಡಿದ್ದಳು.

"ಆ ಹಣ್ಣು ಇನ್ನೂ ಬೀರು ಮ್ಯಾಲೆ ಐತೆ" ಅಂದಳು ಅಕ್ಕ. "ತಮ್ಮ ಬಂದ ಮ್ಯಾಲೆ ಕೊಡ್ತೀನಿ ಅಂತ ಯಾರಿಗೂ ಮುಟ್ಟಾಕ ಬಿಡವಲ್ಲಳು. ಕರ್ರಗಾಗೈತೆ. ದಿನಾ ಕೇಳ್ತಾಳೆ, ಆ ಅಜ್ಜನ ತಿಥಿ ಮುಗೀತೇನ್ರಿ ಅಂತ."

ನಾನು ಎಣ್ಣೆಗಾಯಿಯನ್ನು ಬಹಳ ಗಮನವಿಟ್ಟು ನೋಡಿದೆ.

ಕೊನೆಗೆ ಇರುವೆ ಹತ್ತಿ ಆ ಹಣ್ಣನ್ನು ಎಸೆಯಬೇಕಾಯಿತು. ಎಸೆದ ದಿನ ಸಿಂಚನ ಎದ್ದು ನಿಂತು, "ಮಿಸ್‌ಗೆ ತಮ್ಮನೇ ಇಲ್ಲ. ಎಲ್ಲ ಸುಳ್ಳು" ಎಂದು ಘೋಷಿಸಿದಳಂತೆ. ಅಲ್ಲಿಂದ ತರಗತಿ ಕೈ ತಪ್ಪಿತು. ತಿಮಿಂಗಿಲ ಆನೆಗಿಂತ ದೊಡ್ಡದು ಎಂದರೆ, "ತಮ್ಮನಂಗೇನ್ರಿ?" ಭೂಮಿ ಗುಂಡಗಿದೆ ಎಂದರೆ, "ತಮ್ಮನಂಗೇನ್ರಿ?" ಜಂತುಹುಳದ ಮಾತ್ರೆ ಕೊಡುವ ದಿನ ಅಕ್ಕ, "ಇದು ಕಹಿ ಇಲ್ಲ, ಸಿಹಿ ಐತೆ" ಎಂದದ್ದೇ ತಡ, ಇಡೀ ಕ್ಲಾಸು ಬಾಯಿ ಮುಚ್ಚಿತು. ಕೊನೆಗೆ ಅಕ್ಕ ತಾನೇ ಒಂದು ಮಾತ್ರೆ ಅಗಿದು ತೋರಿಸಿದಳು. "ಮಿಸ್‌ಗೆ ಹುಳ ಅದಾವಂತೆ" ಎಂದು ಊರಿಗೆಲ್ಲ ಸುದ್ದಿಯಾಯಿತೇ ಹೊರತು ಒಬ್ಬರೂ ನುಂಗಲಿಲ್ಲ.

ಇದನ್ನೆಲ್ಲ ಅಕ್ಕ ಮೊದಮೊದಲು ನಗುತ್ತಲೇ ಹೇಳಿದಳು. ಆಮೇಲೆ ನಗು ಕಡಿಮೆಯಾಯಿತು. ಒಂದು ಭಾನುವಾರ ಬಂದು ರೊಟ್ಟಿ ಮುರಿದಳು, ಪಲ್ಯ ಹಚ್ಚಿದಳು, ತಿಂದಳು. ಕ್ಲಾಸಿನ ಒಂದು ಮಾತೂ ಇಲ್ಲ. ನಾಗವೇಣಿಯೇ ಕೇಳಿದಳು, "ಮಕ್ಕಳು ಏನಂತಾವೆ ಅಕ್ಕಾರೇ?"

"ಏನಿಲ್ಲ. ಕಥಿ ಹೇಳಾದು ಬಿಟ್ಟೀನಿ. ಪುಸ್ತಕದಾಗೆ ಇರೋದು ಓದಿಸ್ತೀನಿ, ಬರಸ್ತೀನಿ." ಇನ್ನೊಂದು ತುತ್ತು ಮುರಿದು, "ಸಿಂಚನ ಈಗ ಬಾಗಿಲ ಹತ್ರ ಕೂಡ್ತಾಳೆ. ಚೀಲ ಬೆನ್ನ ಮ್ಯಾಲಿಂದ ಇಳಸವಲ್ಲಳು" ಅಂದಳು.

ಕೈ ತೊಳೆದು ಬೇಗ ಹೊರಟುಬಿಟ್ಟಳು. ಮನೆ ಒಂದು ನಮೂನೆ ಭಣಭಣ ಅನ್ನಿಸಿತು. ಶಾಮಿಯಾನ ಬಿಚ್ಚಿ ಹೋದ ಅಂಗಳದ ಹಾಗೆ. ನಾನು ನಾಗವೇಣಿಗೆ ಎಲ್ಲ ಹೇಳಿದೆ: ಗೇಟು, ಹುಡುಗಿ, ಹಣ್ಣು, ಅಜ್ಜ. ಅವಳು ಮೊದಲು ಅಜ್ಜನ ವಿಷಯಕ್ಕೆ ಬೈದಳು. ಅವನಿಗಾಗಿ ದೇವರ ಮುಂದೆ ದೀಪ ಹಚ್ಚಿದ್ದಳಂತೆ. ಆಮೇಲೆ, "ನಾಳೆ ಹೋಗ್ರಿ" ಅಂದಳು.

"ಫೋನ್‌ನಾಗೆ ಹೇಳಿದ್ರೆ ಆಗಂಗಿಲ್ಲೇನು?"

"ಅಯ್ಯ, ಎಂಥ ಗಂಡಸ್ರಿ ನೀವು. ಸಾಲಿಗೆ ಹೋಗಾಕ ಅಳೋ ಗಂಡನ್ನ ನಾನೇ ಕೈ ಹಿಡ್ದು ಬಿಟ್ಟು ಬರ್ಲೇನು?"

ಮರುದಿನ ನೀರಿನ ಬಾಟಲಿ ತುಂಬಿ ಕೈಗೆ ಕೊಟ್ಟಳು. ಬಾಗಿಲಲ್ಲಿ ನಿಂತು ನಾನು ಬೀದಿ ತಿರುಗುವ ತನಕ ನೋಡಿದಳು.

ಈ ಸಲ ಗೇಟಿನಲ್ಲಿ ಯಾರೂ ಇರಲಿಲ್ಲ. ಯಾರೂ ಕಾಯುತ್ತಿಲ್ಲದ ಗೇಟನ್ನು ದಾಟುವುದು ಇನ್ನೂ ಕಷ್ಟ ಎಂದು ಆಗ ಗೊತ್ತಾಯಿತು. ತಳ್ಳಿದೆ. ಅಂಗಳ ದಾಟಿದೆ. ಎರಡನೆಯ ತರಗತಿಯ ಬಾಗಿಲಲ್ಲಿ ನಿಂತೆ. ಹೊಸ್ತಿಲಿನ ಆಚೆ ಒಂದು ಕಾಲು, ಈಚೆ ಒಂದು ಕಾಲು. ಒಳಗೆ ಬೆಂಚುಗಳಿರಲಿಲ್ಲ. ಮಕ್ಕಳು ಚಾಪೆಯ ಮೇಲೆ ಗುಂಪು ಗುಂಪಾಗಿ ಕೂತಿದ್ದರು. ಗೋಡೆಯ ಸುತ್ತ ನನ್ನ ಮೊಣಕಾಲೆತ್ತರಕ್ಕೆ ಕರಿಹಲಗೆ ಬಳಿದಿದ್ದರು, ಮಕ್ಕಳು ಕೂತೇ ಬರೆಯಲಿ ಎಂದು. ಮೇಲೆ ದಾರ ಕಟ್ಟಿ ಕಾಗದದ ಮೀನು, ಗಿಳಿ ತೂಗುಬಿಟ್ಟಿದ್ದರು. ದಾರ ಜೋತುಬಿದ್ದಿತ್ತು, ನಾನು ಕಟ್ಟಿದ್ದರೆ ಹಾಗಾಗುತ್ತಿರಲಿಲ್ಲ ಎಂದು ಅಂಥ ಹೊತ್ತಿನಲ್ಲೂ ಅನ್ನಿಸಿತು.

ಅಕ್ಕ ನನ್ನನ್ನು ನೋಡಿ ಕೈಯಲ್ಲಿದ್ದ ಸುಣ್ಣದಕಡ್ಡಿ ಕೆಳಗಿಟ್ಟಳು. ಅವಳ ಮುಖ ಅರಳಿದ್ದು ನೋಡಿ ನನಗೆ ಇನ್ನಷ್ಟು ಅಳುಕಾಯಿತು.

"ಮಕ್ಕಳೇ, ಯಾರ್ ಬಂದಾರೆ ನೋಡ್ರಿ. ಇವನೇ ನನ್ನ ತಮ್ಮ."

ನಾನು ಒಳಗೆ ಬಂದೆ. ಒಂದು ಮೀನು ಹಣೆಗೆ ಬಡಿಯಿತು.

"ಮೀಸಿ ಐತೆ!" ಎಂದು ಒಬ್ಬ ಕೂಗಿದ.

"ತಮ್ಮ ಅಲ್ರೀ ಇವ್ರು, ಅಂಕಲ್ ಅದಾರೆ."

"ಅಂಕಲ್ ಅಲ್ಲಲೇ, ಅಜ್ಜ."

"ಮಿಸ್, ಹಲ್ಲು ತೋರ್ಸಾಕ ಹೇಳ್ರಿ!"

ನಾನು ಬಾಯಿ ತೆರೆದೆ. ಇಬ್ಬರು ಬಂದು ಇಣುಕಿದರು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಹಾಗೆ. "ಎರಡು ಇಲ್ಲ, ಖರೇ" ಎಂದು ಉಳಿದವರಿಗೆ ವರದಿ ಮಾಡಿದರು. ಒಬ್ಬ ನನ್ನ ಹೊಟ್ಟೆಯ ಮೇಲೆ ಬೆರಳಿಟ್ಟು, "ಕೊಪ್ಪರಿಗ್ಯಾಗೆ ಇದು ಹೆಂಗೆ ಹಿಡೀತು ರಿ?" ಎಂದು ಕೇಳಿದ.

"ಅವಾಗ ಇದು ಇರ್ಲಿಲ್ಲಪ್ಪ. ನಾನೂ ನಿನ್ನಷ್ಟೇ ಇದ್ದೆ."

"ಆಮ್ಯಾಲೆ ಏನಾತ್ರಿ?"

ಏನಾಯಿತು ಎಂದು ಹೇಳುವುದು ನನಗೂ ಕಷ್ಟವಾಯಿತು. ಚಾಪೆಯ ಮೇಲೆ ಕೂತು, ಮೊಣಕಾಲು ಮಡಚಿ, ತಲೆ ತಗ್ಗಿಸಿ, ಕೊಪ್ಪರಿಗೆಯಲ್ಲಿ ಹೇಗೆ ಕೂತಿದ್ದೆನೋ ಹಾಗೆ ಕೂತು ತೋರಿಸಿದೆ. ಮಕ್ಕಳು ಕೇಕೆ ಹಾಕಿದರು. ಒಬ್ಬಳು ತಟ್ಟೆ ತಂದು ನನ್ನ ತಲೆಯ ಮೇಲೆ ಮುಚ್ಚಳ ಮುಚ್ಚಿದಳು. ಅಕ್ಕ ನಗುತ್ತಿದ್ದಳು, ಎಷ್ಟೋ ವಾರಗಳ ನಂತರ. ಇಷ್ಟಕ್ಕೇ ಮುಗಿಸಿ ಎದ್ದು ಹೋಗಿಬಿಡಬಹುದಲ್ಲ ಎಂದು ನನ್ನ ಕಳ್ಳ ಮನಸ್ಸು ಹೇಳಿತು.

ತಟ್ಟೆಯ ಕೆಳಗಿನಿಂದ ನೋಡಿದರೆ ಬಾಗಿಲ ಹತ್ತಿರ ಕೆಂಪು ರಿಬ್ಬನ್ ಕಂಡಿತು. ಸಿಂಚನ ನಗುತ್ತಿರಲಿಲ್ಲ. ಚೀಲ ಬೆನ್ನ ಮೇಲೆಯೇ ಇತ್ತು. ಎದ್ದು ನನ್ನ ಮುಂದೆ ಬಂದು ನಿಂತಳು. ಕೂತಿದ್ದ ನನಗೂ ನಿಂತಿದ್ದ ಅವಳಿಗೂ ಕಣ್ಣು ಸಮಸಮ ಇದ್ದವು.

"ನೀವು ಶಾಮಿಯಾನದೋರು."

"ಹೌದು ಸಿಂಚನಾ" ಎಂದಳು ಅಕ್ಕ. "ನಿನಗೆ ಹೆಂಗೆ ಗೊತ್ತಾತು?"

"ಅವತ್ತು ಗೇಟಿಗೆ ಬಂದಿದ್ರು ರಿ ಮಿಸ್. ತಮ್ಮನ್ನ ನೋಡಿದ್ರೇನು ಅಂದೆ. ನೋಡ್ಲಿಲ್ಲ ಅಂದ್ರು."

ಅಕ್ಕನ ನಗು ನಿಂತಿತು. ನನ್ನನ್ನು ನೋಡಿದಳು. "ಅವತ್ತು ಅಂದ್ರೆ? ಆನಗೋಡಿಗೆ ಹೋಗಿದ್ದಿ ಅಲ್ಲೇನೋ ನೀನು?"

ನಾನು ತಲೆಯ ಮೇಲಿನ ತಟ್ಟೆ ತೆಗೆದು ಪಕ್ಕಕ್ಕಿಟ್ಟೆ. ಗಂಟಲೊಳಗೇ ಏನೋ ಅಂದೆ. ನನಗೇ ಕೇಳಲಿಲ್ಲ.

"ಕೇಳ್ಸವಲ್ದು" ಅಂದಳು ಅಕ್ಕ. ಅದು ಭಾನುವಾರದ ಅಕ್ಕನ ದನಿಯಲ್ಲ, ಮಿಸ್ಸಿನ ದನಿ. "ಎದ್ದು ನಿಂತು ಹೇಳು. ಬಾಗಿಲ ತನಕ ಕೇಳ್ಬೇಕು."

ಎದ್ದು ನಿಂತೆ. ಕಾಗದದ ಗಿಳಿಗಳ ನಡುವೆ ತಲೆ. ಅಷ್ಟೂ ಮಕ್ಕಳು ಬಾಯಿ ತೆರೆದು ನೋಡುತ್ತಿದ್ದರು. ಈ ಸಲ ನಾಲಿಗೆ ಎಲ್ಲಿಗೂ ಓಡಲಿಲ್ಲ.

"ತಪ್ಪಾತು ಅಕ್ಕ. ಆನಗೋಡ್ನಾಗೆ ಯಾವ ಅಜ್ಜನೂ ಸತ್ತಿರ್ಲಿಲ್ಲ. ಗೇಟಿನ ತನಕ ಬಂದು, ಒಳಗ ಬರಾಕೆ ಹೆದರಿ ಓಡಿ ಹೋದೆ. ಸಿಂಚನಾ, ನೀನು ಕಾಯ್ತಿದ್ದ ತಮ್ಮ ನಾನೇ ಆಗಿದ್ದೆ ಕಣವ್ವ. ನಿನ್ನ ಮುಂದೆ ನಿಂತ್ಕಂಡೇ ಅವನ್ನ ನೋಡಿಲ್ಲ ಅಂದೆ. ನಿಮ್ ಮಿಸ್ ಹೇಳಿದ್ದು ಒಂದೂ ಸುಳ್ಳಲ್ಲ. ಸುಳ್ಳು ಹೇಳಿದೋನು ನಾನು. ತಪ್ಪಾತು."